ಥ್ಯಾಂಕ್ಸ್ ಹೇಳಲು ಸುರಿದ ಮೂರು ಡ್ರಮ್ ಫಿನಾಯಿಲ್

ಮೂರು ವರ್ಷದ ಹಿಂದೆ ನಮ್ಮ ಬೀದಿಯ ಹಿಂದೆ ಹರಿಯುತ್ತಿದ್ದುದನ್ನು ಹಳ್ಳ ಎಂದು ಕರೆಯಲು ಬಾಯಿ ಬರುತ್ತಿರಲಿಲ್ಲ. ಇನ್ನೂರ ನಲವತ್ತು ಮನೆಗಳ ಬಚ್ಚಲು, ಅಡುಗೆಮನೆ, ಪಾಯಿಖಾನೆ ಎಲ್ಲದರ ನೀರೂ ತೆರೆದ ಮೋರಿಯಲ್ಲಿ ಇಳಿದು ಸೀದಾ ಅದಕ್ಕೇ ಸೇರುತ್ತಿತ್ತು. ಹಿತ್ತಲ ಬಾಗಿಲು ತೆರೆದರೆ ವಾಸನೆ, ಮುಚ್ಚಿದರೆ ಸೆಕೆ. ಕೊನೆಗೆ ನಮಗೊಂದು ಹಿತ್ತಲಿದೆ ಎನ್ನುವುದನ್ನೇ ಮರೆತು ಬದುಕುತ್ತಿದ್ದೆವು.

ಮೋರಿಯ ನೀರು ನಮ್ಮ ಮನೆ ದಾಟಿತೋ, ಸರಿ, ಅಲ್ಲಿಗೆ ನಮ್ಮ ಚಿಂತೆಯೂ ದಾಟಿತು. ಅದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ನಾನಂತೂ ಕೇಳಬೇಕಿತ್ತು. ಹಳ್ಳ ಎರಡು ತಿರುವು ದಾಟಿದರೆ ಸಿಗುವ ಕೆಳಗಿನ ಊರಿಗೇ ನನ್ನ ಒಬ್ಬಳೇ ಮಗಳನ್ನು ಕೊಟ್ಟಿದ್ದೇನೆ. ಅವಳ ಮನೆಯ ಬಾವಿ ಇರುವುದು ಹಳ್ಳದ ದಂಡೆಯಲ್ಲೇ.

ಮೊಮ್ಮಗಳಿಗೆ ಎರಡು ವರ್ಷ ತುಂಬುವಷ್ಟರಲ್ಲಿ ಮೂರು ಸಲ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದಳು. ಮೂರನೆಯ ಸಲ ಅವಳ ಕೈ ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಸೂಜಿ ಚುಚ್ಚಲು ನರವೇ ಸಿಗದಷ್ಟು ಸೊರಗಿತ್ತು ಕೂಸು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಮಗಳು ಕೂತಿದ್ದಳು.

"ಅಮ್ಮಾ, ಬಾವಿ ನೀರಿಂದಲೇ ಹೀಗಾಗ್ತಿದೆ ಅಂತಾರೆ ಡಾಕ್ಟರು. ಹಳ್ಳದ ಕೊಳಕು ಬಾವಿಗೆ ಇಳೀತಿದೆಯಂತೆ. ಅದು ನಿಮ್ಮ ಬೀದಿಯ ಕೊಳಕೇ ಅಲ್ವಾ?" ಎಂದಳು.

"ನಮ್ಮ ಬೀದಿಯದೇ ಅಂತ ಅದರ ಮೇಲೆ ಹೆಸರು ಬರೆದಿದೆಯಾ?" ಎಂದೆ ನಾನು.

ಆಡಿದ್ದು ಅಷ್ಟೇ ಮಾತು. ಅವಳು ನನ್ನ ಮುಖ ನೋಡಿದಳು, ಎದ್ದು ಒಳಗೆ ಹೋದಳು. ಆಮೇಲೆ ಏಳು ತಿಂಗಳು ನನ್ನ ಜೊತೆ ಮಾತಿಲ್ಲ, ಕತೆಯಿಲ್ಲ. ಫೋನು ಮಾಡಿದರೆ ಅಳಿಯಂದಿರು ಎತ್ತುತ್ತಿದ್ದರು. "ಎಲ್ಲ ಚೆನ್ನಾಗಿದ್ದೀವಿ ಅತ್ತೆ" ಎಂದು ಇಟ್ಟುಬಿಡುತ್ತಿದ್ದರು.

ಆ ಹೊತ್ತಿಗೆ ನಮ್ಮ ಬೀದಿಯ ತಗ್ಗಿನಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕ ಬಂತು. ಮೋರಿ ಹೋಗಿ ನೆಲದಡಿ ಪೈಪು ಬಂತು. ಅದೇನು ಅಂಥ ದೊಡ್ಡದಲ್ಲ. ಬೇಲಿ ಹಾಕಿದ ಜಾಗ, ನಾಲ್ಕು ಸಿಮೆಂಟ್ ತೊಟ್ಟಿ, ಒಂದು ಯಂತ್ರದ ಕೋಣೆ. ಅದನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದ್ದು ಮೂಲೆಮನೆಯ ಸೊಸೆಗೆ. ಮೊದಲು ಪಂಪ್ ರಿಪೇರಿ ಅಂಗಡಿಯಲ್ಲಿದ್ದವಳು, ಹಾಗಾಗಿ ಎಲ್ಲರಿಗೂ ಮೋಟಾರಮ್ಮ. ವಯಸ್ಸು ಮೂವತ್ತು, ಕೈಯಲ್ಲಿ ಸದಾ ಒಂದು ಸ್ಪ್ಯಾನರು.

ಆರು ತಿಂಗಳು ಕಳೆಯಿತು. ಹಳ್ಳದಲ್ಲಿ ತಳದ ಕಲ್ಲು ಕಾಣಿಸತೊಡಗಿತು. ಮೀನು ಬಂತು, ಮೀನಿನ ಹಿಂದೆ ಕೊಕ್ಕರೆ ಬಂತು. ಕೆಳಗಿನ ಊರಿನ ಬಾವಿಯ ನೀರನ್ನು ಪರೀಕ್ಷೆ ಮಾಡಿದವರು, ಕಾಯಿಸಿ ಆರಿಸಿ ಕುಡಿಯಿರಿ, ಭಯವಿಲ್ಲ ಎಂದರು. ಮೊಮ್ಮಗಳು ಆ ಆರು ತಿಂಗಳು ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಒಂದು ಭಾನುವಾರ ಮಗಳು ತಾನಾಗಿಯೇ ಬಂದಳು. ಗುಂಡಗುಂಡಗೆ ಆಗಿದ್ದ ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿ, "ಹಿಡ್ಕೋ, ಭಾರ ಆಗಿದ್ದಾಳೆ" ಎಂದಳು. ಹಳೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಪ್ಪಾಯ್ತು ಎಂದು ನಾನು ಹೇಳಲೇ ಇಲ್ಲ.

ಆ ಘಟಕದ ಋಣ ನಾನು ಹೇಗೆ ತೀರಿಸಲಿ ಎಂದು ಅಂದಿನಿಂದ ಯೋಚನೆ ಹತ್ತಿತು. ತೀರಿಸಿದೆ ನೋಡಿ, ಅದನ್ನು ಹೇಳುತ್ತೇನೆ.

ನಾನು ಯಾರು ಎಂದು ಹೇಳಲಿಲ್ಲ ಅಲ್ಲವೇ? ನನ್ನನ್ನು ಕರೆಯುವುದು ಫಿನಾಯಿಲ್ ಅತ್ತೆ ಎಂದು. ನಾವು ಹನ್ನೊಂದು ಹೆಂಗಸರ ಸ್ವಸಹಾಯ ಗುಂಪು. ನಮ್ಮ ಮನೆಯ ಶೆಡ್ಡಿನಲ್ಲಿ ಫಿನಾಯಿಲ್ ತಯಾರಿಸಿ, ಬಾಟಲಿಗೆ ತುಂಬಿ, ಶಾಲೆ, ಆಸ್ಪತ್ರೆ, ಅಂಗಡಿಗಳಿಗೆ ಕೊಡುತ್ತೇವೆ. ಹದಿನಾಲ್ಕು ವರ್ಷದಿಂದ ಕ್ರಿಮಿ ಕೊಲ್ಲುವುದೇ ನನ್ನ ಹೊಟ್ಟೆಪಾಡು. ನಮ್ಮ ಮನೆಯ ನೆಲದ ಮೇಲೆ ನೊಣ ಕೂರಲು ಹೆದರುತ್ತದೆ ಎಂದು ನಮ್ಮ ಯಜಮಾನರು ಬಂದವರಿಗೆಲ್ಲ ಹೇಳುತ್ತಾರೆ. ಹೊಗಳುತ್ತಾರೋ ಬೈಯುತ್ತಾರೋ ಮೂವತ್ತು ವರ್ಷವಾದರೂ ನನಗೆ ಗೊತ್ತಾಗಿಲ್ಲ.

ಒಂದು ದಿನ ಘಟಕ ನೋಡಲು ಹೋದೆ. ಮೋಟಾರಮ್ಮ ಗಾಳಿ ಊದುವ ತೊಟ್ಟಿಯ ಪಕ್ಕ ನಿಂತಿದ್ದಳು. ತೊಟ್ಟಿಯೊಳಗೆ ಕಂದು ಬಣ್ಣದ ನೀರು ಗುಳುಗುಳು ಎಂದು ಕುದಿಯುವ ಹಾಗೆ ಏಳುತ್ತಿತ್ತು.

"ಇದೇನೇ, ಇಷ್ಟು ಕೊಳಕಾಗಿದೆ? ಶುದ್ಧ ಮಾಡೋ ಜಾಗ ಅಂತೀಯಾ" ಎಂದೆ.

"ಇದು ಕೊಳಕಲ್ಲ ಅತ್ತೆ. ಇದರಲ್ಲಿ ನಾನು ಕ್ರಿಮಿ ಸಾಕಿದ್ದೀನಿ."

"ಏನು ಸಾಕಿದ್ದೀಯಾ?"

"ಕ್ರಿಮಿ. ಕಣ್ಣಿಗೆ ಕಾಣದಷ್ಟು ಸಣ್ಣವು. ಕೋಟಿಗಟ್ಟಲೆ ಇವೆ. ಮೊದಲು ಅಲ್ಲಿ ಕಂಬಿ ಜಾಲರಿಲಿ ಕಸ ಕಡ್ಡಿ ತಡೀತೀವಿ. ಆಮೇಲೆ ನೀರು ಈ ತೊಟ್ಟಿಗೆ ಬರುತ್ತೆ. ನೀರಲ್ಲಿ ಕರಗಿರೋ ಹೊಲಸನ್ನ ಈ ಕ್ರಿಮಿಗಳೇ ತಿಂದುಬಿಡ್ತವೆ. ಅವಕ್ಕೆ ಉಸಿರಾಡೋಕೆ ಕೆಳಗಿಂದ ಗಾಳಿ ಊದ್ತೀನಿ. ಪಕ್ಕದ ತೊಟ್ಟಿಲಿ ಅವು ಕೆಸರಾಗಿ ತಳಕ್ಕೆ ಕೂರ್ತವೆ, ಮೇಲಿನ ತಿಳಿ ನೀರು ಹಳ್ಳಕ್ಕೆ ಹೋಗುತ್ತೆ."

ನನಗೆ ನಗು ತಡೆಯಲಾಗಲಿಲ್ಲ. "ಹೋಗೇ! ಕ್ರಿಮಿ ಅಂದ್ರೆ ಕಾಯಿಲೆ. ಕಾಯಿಲೆ ನೀರು ತೊಳೆಯುತ್ತಾ? ನಿನಗೆ ಯಾರೋ ಕಿವಿ ಮೇಲೆ ಹೂ ಇಟ್ಟಿದ್ದಾರೆ."

"ಎಲ್ಲ ಕ್ರಿಮಿನೂ ಕಾಯಿಲೆ ತರಲ್ಲ ಅತ್ತೆ. ಕೊನೇಲಿ ನೀರು ಹೊರಗೆ ಬಿಡೋ ಮುಂಚೆ ಉಳಿದ ರೋಗದ ಕ್ರಿಮಿ ಸಾಯೋಕೆ ಸ್ವಲ್ಪ ಮದ್ದು ಹಾಕ್ತೀನಿ. ಆದರೆ ಅದು ಇವುಗಳ ಕೆಲಸ ಮುಗಿದ ಮೇಲೆ. ಇಲ್ಲಿಗೇ ಮದ್ದು ಬಂದ್ರೆ ನನ್ನ ಕತೆ ಮುಗೀತು."

ನಾನು ಆ ಕೊನೆಯ ಮಾತು ಕೇಳಿಸಿಕೊಂಡೆ. ಕೇಳಿಸಿಕೊಂಡು ಅಲ್ಲೇ ಬಿಟ್ಟು ಬಂದೆ. ಹದಿನಾಲ್ಕು ವರ್ಷ ಕ್ರಿಮಿ ಕೊಂದವಳಿಗೆ ಈ ಹುಡುಗಿ ಪಾಠ ಹೇಳುವುದೇ ಎಂದು ಒಳಗೊಳಗೇ ಜಂಬ.

ಘಟಕಕ್ಕೆ ವರ್ಷ ತುಂಬಿದಾಗ ಪಕ್ಕದ ಪಟ್ಟಣದ ಘಟಕದವರು ನಮ್ಮದನ್ನು ನೋಡಲು ಬರುತ್ತೇವೆಂದರು. ಬೀದಿಗೆ ಬೀದಿಯೇ ಸಡಗರದಲ್ಲಿತ್ತು. ಅವರು ಬರುವುದು ಶನಿವಾರ. ಶುಕ್ರವಾರ ಮಧ್ಯಾಹ್ನ ಗುಂಪಿನವರು ನಮ್ಮ ಶೆಡ್ಡಿನಲ್ಲಿ ಸೇರಿದ್ದೆವು.

"ನಾವೂ ಏನಾದರೂ ಮಾಡಬೇಕು" ಎಂದೆ. "ಆ ಘಟಕ ಇಲ್ಲದಿದ್ರೆ ನನ್ನ ಮೊಮ್ಮಗಳು ಇರ್ತಿರಲಿಲ್ಲ."

"ಏನು ಮಾಡೋದು?" ಎಂದಳು ದರ್ಜಿಯಕ್ಕ. ಬೀದಿಯ ಬಟ್ಟೆ ಹೊಲಿಯುವವಳು, ನಮ್ಮ ಗುಂಪಿನ ಕಾರ್ಯದರ್ಶಿಯೂ ಅವಳೇ.

ಮೂಲೆಯಲ್ಲಿ ಮೂರು ಡ್ರಮ್ ಇದ್ದವು. ನೀರು ಬೆರೆಸದ ಗಟ್ಟಿ ಫಿನಾಯಿಲ್. ಒಂದೊಂದರಲ್ಲಿ ಐವತ್ತು ಲೀಟರ್. ಬಣ್ಣ ಕೆಟ್ಟು ತಳ ಹಿಡಿದಿತ್ತು, ಯಾರಿಗೂ ಕೊಡುವ ಹಾಗಿರಲಿಲ್ಲ, ವಾಸನೆ ಮಾತ್ರ ಘಮ್ಮೆನ್ನುತ್ತಿತ್ತು. ನನ್ನ ಕಣ್ಣು ಅದರ ಮೇಲೆ ಬಿತ್ತು.

"ಇದನ್ನ ಮ್ಯಾನ್‌ಹೋಲ್‌ಗೆ ಸುರಿದುಬಿಡೋಣ. ಪೈಪೂ ಶುದ್ಧ, ಘಟಕವೂ ಶುದ್ಧ. ನಾಳೆ ಬಂದವರಿಗೆ ಆಸ್ಪತ್ರೆ ಹೊಕ್ಕ ಹಾಗಿರಬೇಕು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಟೊಂಕ ಕಟ್ಟಿ ನಿಂತೆವು. ಆರು ಜನ ಸೇರಿ ಮ್ಯಾನ್‌ಹೋಲಿನ ಮುಚ್ಚಳ ಎತ್ತಿದೆವು, ಮೂರು ಡ್ರಮ್ಮನ್ನೂ ಬಗ್ಗಿಸಿದೆವು. ಕೈ ತೊಳೆದುಕೊಂಡು ಟೀ ಕುಡಿದೆವು. ಮನಸ್ಸು ಎಷ್ಟು ಹಗುರಾಗಿತ್ತು ಎನ್ನುತ್ತೀರಿ!

ಸಂಜೆ ಐದೂವರೆಗೆ ಮೋಟಾರಮ್ಮ ಓಡುತ್ತಾ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಅತ್ತೆ, ಇವತ್ತು ಯಾರಾದರೂ ಪೈಪಿಗೆ ಏನಾದರೂ ಸುರಿದ್ರಾ? ತೊಟ್ಟಿಯೆಲ್ಲ ಬಿಳೀ ನೊರೆ. ಕೆಸರು ಬೂದಿ ಬಣ್ಣಕ್ಕೆ ತಿರುಗಿದೆ. ಫಿನಾಯಿಲ್ ವಾಸನೆ ಹೊಡೀತಿದೆ."

"ಘಮ್ಮಂತಿದೆ ಅಲ್ವಾ?" ಎಂದು ಬಾಯಿ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ.

ಪಕ್ಕದಲ್ಲಿದ್ದ ದರ್ಜಿಯಕ್ಕ ನನ್ನ ಸೆರಗು ಎಳೆದಳು. ಕಿವಿಯಲ್ಲಿ, "ಸುಮ್ಮನಿರು. ಯಾರು ನೋಡಿದ್ದಾರೆ?" ಎಂದಳು.

ಯಾರು ನೋಡಿದ್ದಾರೆ! ಅದರ ಮೇಲೆ ಹೆಸರು ಬರೆದಿದೆಯಾ ಎಂದಿದ್ದೆನಲ್ಲ, ಅದೇ ಮಾತು.

"ನಾನೇ ಕಣೇ" ಎಂದೆ. "ನೂರೈವತ್ತು ಲೀಟರ್. ನೀರು ಬೆರೆಸಿರಲಿಲ್ಲ. ಮೂರು ಗಂಟೆಗೆ ಸುರಿದ್ವಿ. ನಿನಗೆ ಒಳ್ಳೇದಾಗಲಿ ಅಂತ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಕೂತು ಬೆರಳಲ್ಲಿ ಏನೋ ಲೆಕ್ಕ ಹಾಕಿದಳು. ಆಮೇಲೆ ಎದ್ದು ನಿಂತಳು.

"ಹೇಳಿದ್ದು ಒಳ್ಳೇದಾಯ್ತು. ಏನು, ಎಷ್ಟು ಅಂತ ಗೊತ್ತಾದ್ರೆ ದಾರಿ ಇದೆ. ಕ್ರಿಮಿ ಮುಕ್ಕಾಲು ಪಾಲು ಸತ್ತಿರುತ್ತವೆ ಅತ್ತೆ. ಇನ್ನು ಬರೋ ಹೊಲಸು ತಿನ್ನೋರು ಯಾರೂ ಇಲ್ಲ. ಹಳ್ಳಕ್ಕೆ ಹೋಗೋ ವಾಲ್ವ್ ಮುಚ್ಚಿ, ನೀರನ್ನ ಖಾಲಿ ತೊಟ್ಟಿಗೆ ತಿರುಗಿಸಿದ್ದೀನಿ. ಬೀದಿಯವರು ಎಂದಿನ ಹಾಗೆ ನೀರು ಬಳಸಿದ್ರೆ ಅದು ಒಂದೂವರೆ ದಿನಕ್ಕೆ ತುಂಬುತ್ತೆ."

"ಆಮೇಲೆ?"

"ಆಮೇಲೆ ಉಕ್ಕಿ ಹಳ್ಳಕ್ಕೇ. ಹೊಲಸೂ, ಫಿನಾಯಿಲ್ಲೂ, ಎರಡೂ."

ಹಳ್ಳ, ಎರಡು ತಿರುವು, ದಂಡೆಯ ಬಾವಿ. ಅವಳು ಹೇಳಬೇಕಾಗಲಿಲ್ಲ.

"ಎಷ್ಟು ದಿನ ತಡೀಬೇಕು?" ಎಂದೆ.

"ಹೊಸ ಕ್ರಿಮಿ ಸಿಕ್ಕಿದ್ರೆ ನಾಲ್ಕು ದಿನ. ಮನೆಮನೆಯವರು ಮೂರರಲ್ಲಿ ಒಂದು ಪಾಲು ನೀರು ಮಾತ್ರ ಬಚ್ಚಲಿಗೆ ಬಿಟ್ರೆ ತೊಟ್ಟಿ ನಾಲ್ಕು ದಿನ ತಡೆಯುತ್ತೆ. ಬಿಡ್ತಾರಾ ಅತ್ತೆ?"

"ಬಿಡಿಸ್ತೀನಿ. ನೀನು ಕ್ರಿಮಿ ಹುಡುಕು ಹೋಗು" ಎಂದೆ. ಹದಿನಾಲ್ಕು ವರ್ಷದಲ್ಲಿ ನನ್ನ ಬಾಯಿಂದ ಅಂಥ ಮಾತು ಬಂದಿದ್ದು ಅದೇ ಮೊದಲು.

ಅವಳು ಪಕ್ಕದ ಪಟ್ಟಣಕ್ಕೆ ಫೋನು ಹಚ್ಚಿದಳು. ನಾನು ಮಗಳಿಗೆ ಹಚ್ಚಿದೆ. ಆ ಫೋನು ಮಾಡುವುದು ನನಗೆ ಎಷ್ಟು ಕಷ್ಟವಾಯಿತು ಎಂದು ಹೇಳಲಾರೆ. ಮತ್ತೆ ಏಳು ತಿಂಗಳು ಮಾತು ಬಿಟ್ಟರೆ? ಮೊಮ್ಮಗಳ ಮುಖ ತೋರಿಸದಿದ್ದರೆ?

"ಮಗಳೇ, ಬಾವಿ ನೀರು ಮುಟ್ಟಬೇಡ" ಎಂದೆ. "ನಾನು ಹೇಳೋವರೆಗೂ ಬೇಡ. ಇದು ಕಾಯಿಸಿದ್ರೂ ಹೋಗೋದಲ್ಲ. ಪಕ್ಕದ ಮನೆಯೋರಿಗೂ ಹೇಳು. ಇಲ್ಲಿ ತಪ್ಪಾಗಿದೆ. ಮಾಡಿದ್ದು ನಾನೇ." ಎಲ್ಲವನ್ನೂ ಹೇಳಿದೆ.

ಆ ಕಡೆ ಕೂಸು ಏನೋ ಹಾಡಿಕೊಳ್ಳುವುದು ಕೇಳಿಸುತ್ತಿತ್ತು.

"ಹಳ್ಳಕ್ಕೆ ಬಂದಿದೆಯಾ ಅಮ್ಮಾ?"

"ಇನ್ನೂ ಇಲ್ಲ. ಬರೋಕೆ ಬಿಡಲ್ಲ. ಅವತ್ತು ಆಸ್ಪತ್ರೇಲಿ ನಾನು ಆಡಿದ್ದು ತಪ್ಪು. ಅದು ನಮ್ಮ ಬೀದಿಯ ಕೊಳಕೇ ಆಗಿತ್ತು."

ಅವಳು ಅಳುತ್ತಿದ್ದಳು ಎಂದು ಕಾಣುತ್ತದೆ. ಆಮೇಲೆ ಮೂಗು ಒರೆಸಿಕೊಂಡು, "ಕೊಡ ತುಂಬಿಸಿ ಇಟ್ಟಿದ್ದೀನಿ, ನಾಳೆಗೆ ಸಾಕು. ಆಮೇಲೆ ಟ್ಯಾಂಕರ್ ತರಿಸ್ತೀವಿ. ನೀನು ಹೋಗಿ ಬೀದಿಯೋರಿಗೆ ಹೇಳು ಹೋಗು, ಹೊತ್ತು ಕಳೀಬೇಡ" ಎಂದಳು.

ನಾನೂ ದರ್ಜಿಯಕ್ಕನೂ ಮನೆಮನೆ ಹತ್ತಿದೆವು. ಉಳಿದ ಒಂಬತ್ತು ಜನ ಇನ್ನೊಂದು ಸಾಲು ಹಿಡಿದರು. ಪ್ರತಿ ಬಾಗಿಲಲ್ಲೂ ಮೊದಲು ತಪ್ಪೊಪ್ಪಿಗೆ, ಆಮೇಲೆ ಬೇಡಿಕೆ. ನಾಲ್ಕು ದಿನ ಬಟ್ಟೆ ಒಗೆಯಬೇಡಿ. ಸ್ನಾನ ಬೇಕಾದರೆ ಅರ್ಧ ಬಕೆಟ್. ಪಾತ್ರೆ ತೊಳೆದ ನೀರು ಗಿಡಕ್ಕೆ.

"ಫಿನಾಯಿಲ್ ಅತ್ತೆ ಬಂದು ತೊಳೀಬೇಡಿ ಅಂತಿದ್ದಾರೆ! ಕಾಲ ಕೆಟ್ಟುಹೋಯ್ತು!" ಎಂದು ಬೇಕರಿಯವನು ನಕ್ಕ. ನಕ್ಕು, ತನ್ನ ದೊಡ್ಡ ತಟ್ಟೆಗಳನ್ನೆಲ್ಲ ತೊಳೆಯದೆ ಒಣಬಟ್ಟೆಯಲ್ಲಿ ಒರೆಸಿಟ್ಟ. ಲಾಂಡ್ರಿಯವಳು ಮಾತ್ರ ಕೆಂಡಾಮಂಡಲವಾದಳು.

"ನಿಮ್ಮ ತಪ್ಪಿಗೆ ನನ್ನ ಹೊಟ್ಟೆಗೆ ಹೊಡೀತೀರಾ? ನಾಲ್ಕು ದಿನ ಅಂಗಡಿ ಮುಚ್ಚಲಾ?"

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. "ಒಗೆಯೋದು ಬಿಡು, ಇಸ್ತ್ರಿ ಮಾಡು. ನಾವು ಹನ್ನೊಂದು ಮನೆಯೋರು ಇದ್ದಬದ್ದ ಬಟ್ಟೆಯೆಲ್ಲ ಇಸ್ತ್ರಿಗೆ ತರ್ತೀವಿ" ಎಂದೆ. ಅವಳು ಗೊಣಗಿದಳು, ಬೈದಳು, ಕೊನೆಗೆ ಯಂತ್ರದ ಪ್ಲಗ್ ಕಿತ್ತಳು. ಆ ವಾರ ನಮ್ಮ ಯಜಮಾನರು ಸೈಕಲ್ ರಿಪೇರಿಗೆ ಹಾಕುವ ಎಣ್ಣೆ ಕರೆಯ ಚಡ್ಡಿಗೂ ಇಸ್ತ್ರಿ ಬಿದ್ದಿತ್ತು.

ಶನಿವಾರ ಹನ್ನೊಂದಕ್ಕೆ ಅತಿಥಿಗಳು ಬಂದರು. ನಾವು ಕಾದಿದ್ದು ಅವರಿಗಲ್ಲ, ಅವರ ಹಿಂದೆ ಬಂದ ಟ್ಯಾಂಕರಿಗೆ. ಅದರ ತುಂಬ ಅವರ ಘಟಕದ ಕಂದು ಕೆಸರು, ಜೀವಂತ ಕ್ರಿಮಿ. ಮೋಟಾರಮ್ಮ ರಾತ್ರಿಯಿಡೀ ಸತ್ತ ಕೆಸರನ್ನು ಒಣಗಿಸುವ ಕಟ್ಟೆಗೆ ಹಾಕಿ ತೊಟ್ಟಿ ಖಾಲಿ ಮಾಡಿದ್ದಳು. ಟ್ಯಾಂಕರಿನ ಪೈಪು ಬಿಚ್ಚಿದಾಗ ಆ ಕೆಸರು ದಬದಬ ಬಿತ್ತು. ಜನ ಮೂಗು ಮುಚ್ಚಿಕೊಂಡರು. ನನಗೆ ಕೈ ಮುಗಿಯುವಂತಾಯಿತು, ಮುಗಿದೇಬಿಟ್ಟೆ.

"ಕ್ರಿಮಿಗೆ ಕೈ ಮುಗಿದ್ರಾ ಅತ್ತೆ?" ಎಂದಳು ಮೋಟಾರಮ್ಮ. ಎರಡು ದಿನದಲ್ಲಿ ಅವಳು ನಕ್ಕಿದ್ದು ಅದೊಂದು ಸಲ.

ಕೂಡಿಟ್ಟ ಕೆಟ್ಟ ನೀರನ್ನು ಅವಳು ಒಮ್ಮೆಲೇ ಬಿಡಲಿಲ್ಲ. ಮಗುವಿಗೆ ಕೊಡುವ ಹಾಗೆ ಸ್ವಲ್ಪಸ್ವಲ್ಪವೇ ಹೊಸ ಕೆಸರಿನ ತೊಟ್ಟಿಗೆ ಬಿಟ್ಟಳು. ನಾನು ದಿನಾ ಬೆಳಿಗ್ಗೆ ಹೋಗಿ ಮಟ್ಟ ನೋಡುತ್ತಿದ್ದೆ. ಭಾನುವಾರ ತೊಟ್ಟಿ ಅರ್ಧ. ಸೋಮವಾರ ಮುಕ್ಕಾಲು. ಮಂಗಳವಾರ ಬೆಳಿಗ್ಗೆ ಅಂಚಿಗೆ ಒಂದು ಗೇಣು. ಸಂಜೆಗೆ ನಾಲ್ಕು ಬೆರಳು. ಮತ್ತೆ ಬೀದಿಗೆ ಓಡಿದೆ. ಯಾರೂ ಎದುರಾಡಲಿಲ್ಲ. ಆ ರಾತ್ರಿ ಬೀದಿಯಲ್ಲಿ ಒಂದು ನಲ್ಲಿಯೂ ತಿರುಗಲಿಲ್ಲ ಎಂದೇ ಹೇಳಬೇಕು.

ಬುಧವಾರ ಮಧ್ಯಾಹ್ನ ಮೋಟಾರಮ್ಮ ತಿಳಿ ತೊಟ್ಟಿಯಿಂದ ಒಂದು ಗಾಜಿನ ಲೋಟದಲ್ಲಿ ನೀರು ಎತ್ತಿದಳು. ಬೆಳಕಿಗೆ ಹಿಡಿದಳು. ಪರೀಕ್ಷೆ ಮಾಡಲು ಯಂತ್ರದ ಕೋಣೆಗೆ ಒಯ್ದಳು. ನಾವು ಬೇಲಿಯ ಹೊರಗೆ ನಿಂತಿದ್ದೆವು, ಲಾಂಡ್ರಿಯವಳೂ ಇದ್ದಳು. ಎಷ್ಟೋ ಹೊತ್ತಾದ ಮೇಲೆ ಹೊರಗೆ ಬಂದು ನೇರ ವಾಲ್ವಿನ ಹತ್ತಿರ ಹೋಗಿ, ಸ್ಪ್ಯಾನರು ಹಾಕಿ ತಿರುಗಿಸಿದಳು. ಪೈಪಿನ ಬಾಯಿಂದ ನೀರು ಹಳ್ಳಕ್ಕೆ ಬಿತ್ತು. ತಿಳಿಯಾಗಿತ್ತು. ನೊರೆಯಿಲ್ಲ, ವಾಸನೆಯಿಲ್ಲ.

ನಾನು ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ. "ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ" ಎಂದೆ. ಅವಳ ಬಟ್ಟೆ ಕೆಸರಿನ ವಾಸನೆ ಹೊಡೆಯುತ್ತಿತ್ತು. ಅಷ್ಟು ಒಳ್ಳೆಯ ವಾಸನೆ ನನ್ನ ಶೆಡ್ಡಿನಲ್ಲಿ ಯಾವತ್ತೂ ಹುಟ್ಟಿಲ್ಲ.

ಮೂರು ದಿನ ಬಿಟ್ಟು ಮಗಳ ಬಾವಿಯ ನೀರನ್ನೂ ಪರೀಕ್ಷೆ ಮಾಡಿಸಿದೆವು. ಏನೂ ಸೇರಿರಲಿಲ್ಲ. ಮೊದಲ ಕೊಡ ನಾನೇ ಸೇದಿದೆ. ಮಗಳು ಕಾಯಿಸಿ ಆರಿಸಿ ಲೋಟಕ್ಕೆ ಬಗ್ಗಿಸಿದಳು. ಮೊಮ್ಮಗಳು ಎರಡೂ ಕೈಯಲ್ಲಿ ಲೋಟ ಹಿಡಿದು, ಗಟಗಟ ಕುಡಿದು, "ಇನ್ನೂ" ಎಂದಳು.

ಈಗ ನಮ್ಮ ಗುಂಪಿನ ಬಾಟಲಿಯ ಮೇಲೆ ಒಂದು ಹೊಸ ಚೀಟಿ ಅಂಟಿಸುತ್ತೇವೆ. ಅದರಲ್ಲಿ ಹೀಗಿದೆ: "ನೆಲ ಒರೆಸಲು ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ಸಾಕು. ಉಳಿದದ್ದನ್ನು ಬಚ್ಚಲಿಗೆ ಸುರಿಯಬೇಡಿ, ನಮಗೇ ತಂದುಕೊಡಿ."

ಇದನ್ನು ಓದುತ್ತಿರುವ ಅಕ್ಕ, ತಂಗಿ, ಅಣ್ಣ, ನಿಮ್ಮಲ್ಲಿಯೂ ಇಂಥದೊಂದು ಘಟಕ ಇರಬಹುದು. ಅದು ಯಂತ್ರ ಎಂದುಕೊಳ್ಳಬೇಡಿ. ಅದರೊಳಗೆ ಜೀವ ಇದೆ, ನಾವು ಬಚ್ಚಲಿಗೆ ಬಿಟ್ಟಿದ್ದೇ ಅದರ ಊಟ. ಒಂದು ಮುಚ್ಚಳ ಫಿನಾಯಿಲ್ ಅದು ತಡೆದುಕೊಳ್ಳುತ್ತದೆ. ಡ್ರಮ್ಮುಗಟ್ಟಲೆ ಫಿನಾಯಿಲ್, ಆಸಿಡ್, ಪೇಂಟು, ಗಾಡಿಯ ಹಳೇ ಆಯಿಲ್ಲು, ಕರಿದ ಎಣ್ಣೆ, ಮಿಕ್ಕ ಔಷಧಿ, ಇವನ್ನು ತಡೆದುಕೊಳ್ಳುವುದಿಲ್ಲ. ಬಟ್ಟೆ, ಪ್ಲಾಸ್ಟಿಕ್, ಮಕ್ಕಳ ಡೈಪರು ಪೈಪು ಕಟ್ಟಿಕೊಳ್ಳುವಂತೆ ಮಾಡುತ್ತವೆ, ಅವನ್ನು ಕಸದ ಬುಟ್ಟಿಗೇ ಹಾಕಿ. ಕೈತಪ್ಪಿ ಏನಾದರೂ ಸುರಿದುಬಿಟ್ಟಿರಾ? ಬಚ್ಚಿಡಬೇಡಿ, ಆ ಕ್ಷಣವೇ ಘಟಕಕ್ಕೆ ಓಡಿ ಹೇಳಿ. ಹೇಳಿದರೆ ದಾರಿ ಇದೆ.

ಘಟಕವನ್ನು ಒಂದು ಸಲ ಹೋಗಿ ನೋಡಿ. ಅಲ್ಲಿ ದುಡಿಯುವವರಿಗೆ ಒಂದು ಮಾತು ಥ್ಯಾಂಕ್ಸ್ ಹೇಳಿ, ಬರಿಗೈಯಲ್ಲೇ ಹೇಳಿ. ಅವರಿಂದಾಗಿ ನಿಮ್ಮ ಹಳ್ಳದ ಕೆಳಗೆ, ನಿಮಗೆ ಗೊತ್ತಿಲ್ಲದ ಯಾವುದೋ ಮನೆಯಲ್ಲಿ, ಇವತ್ತು ಒಂದು ಮಗು ಆಸ್ಪತ್ರೆಯಲ್ಲಿಲ್ಲ.